ಬಾಯಿಯ ಹೊರಗೊಂದು ದವಡೆ

ಊಟದ ರುಚಿಯನ್ನು ಕೊಂಡಾಡಿ ಬರೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅಡುಗೆ ಮಾಡಿದ ಕೈಯನ್ನು ಹೊಗಳುವವರಿದ್ದಾರೆ, ಉಂಡ ನಾಲಗೆಯನ್ನು ಹೊಗಳುವವರಿದ್ದಾರೆ. ಅರಗಿಸಿಕೊಂಡ ಹೊಟ್ಟೆಗೂ ಒಂದು ಒಳ್ಳೆಯ ಮಾತು ಸಲ್ಲುತ್ತದೆ. ನಡುವೆ ದುಡಿದ ದವಡೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಲ್ಲು ನೋಯುವ ತನಕ ಬಾಯೊಳಗೆ ಹಾಗೊಂದು ಯಂತ್ರವಿದೆಯೆಂಬುದೇ ನಮ್ಮ ನೆನಪಿಗೆ ಬಾರದು.

ನಮ್ಮೂರಿನವರಿಗೆ ಈ ಮರೆವು ಸಲ್ಲದು. ಚಿತ್ತಾಪುರ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ ನಮ್ಮ ದಂಡೋತಿ. ಜೋಳ, ತೊಗರಿ ಬೆಳೆಯುವ ಸೀಮೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೇಲೊಂದು ಹಸಿ ಉಳ್ಳಾಗಡ್ಡಿ, ಇದು ಊಟ. ಅನ್ನವನ್ನಾದರೆ ನುಂಗಿ ಎದ್ದುಹೋಗಬಹುದು. ಖಡಕ್ ರೊಟ್ಟಿಯ ಮುಂದೆ ಆ ಆಟ ನಡೆಯದು. ಉಣ್ಣುವವರನ್ನು ಒಮ್ಮೆ ಎದುರಿಗೆ ಕುಳಿತು ನೋಡಿರಿ. ಮುಂದಿನ ಹಲ್ಲಿನಿಂದ ಕಚ್ಚಿ, ನಾಲಗೆಯಿಂದ ಹಿಂದಕ್ಕೆ ತಳ್ಳಿ, ಒಂದು ಮಗ್ಗುಲಿನ ದವಡೆಹಲ್ಲಿನ ಮೇಲಿಟ್ಟು ಅರೆಯುತ್ತಾರೆ. ಕೆನ್ನೆಯ ಹಿಂಭಾಗದಲ್ಲಿ ಒಂದು ಸ್ನಾಯು ಎದ್ದು ಎದ್ದು ಇಳಿಯುತ್ತಿರುತ್ತದೆ.

ಗಟ್ಟಿಯಾದುದನ್ನು ಹಿಂದಕ್ಕೇಕೆ ತಳ್ಳಬೇಕು? ಇದಕ್ಕೆ ಉತ್ತರ ಅಜ್ಜನ ಎಲೆಯಡಿಕೆಯ ಚೀಲದಲ್ಲಿದೆ. ಅಡಕತ್ತರಿಯ ತುದಿಯಲ್ಲಿ ಅಡಕೆಯಿಟ್ಟು ಒತ್ತಿದರೆ ಕೈ ನೋಯುವುದೇ ಹೊರತು ಅಡಕೆ ಒಡೆಯದು. ಕೀಲಿನ ಹತ್ತಿರಕ್ಕೆ ಸರಿಸಿದರೆ ಕಟ್ಟೆಂದು ಎರಡು ಹೋಳಾಗುತ್ತದೆ. ದವಡೆಯ ಕೀಲು ಕಿವಿಯ ಮುಂದಿದೆ. ಅದಕ್ಕೆ ಹತ್ತಿರವಾದಷ್ಟೂ ಕಡಿತದ ಬಲ ಹೆಚ್ಚು. ಸನ್ನೆಕೋಲಿನ ಈ ಸೂತ್ರವನ್ನು ಯಾವ ಶಾಲೆಯೂ ಕಲಿಸದೆ ಪ್ರತಿಯೊಂದು ಕೂಸೂ ಹಲ್ಲು ಬಂದ ಮೇಲೆ ತಾನೇ ಕಂಡುಕೊಳ್ಳುತ್ತದೆ.

ಯಂತ್ರ ಒಂದೇ ಆದರೂ ಒಬ್ಬೊಬ್ಬರಿಗೆ ಒಂದೊಂದು ಮಾಟ. ಕೊಟ್ಟಿಗೆಯ ಎಮ್ಮೆಗೆ ಮೇಲೆ ಮುಂಬಲ್ಲೇ ಇಲ್ಲ, ಗಟ್ಟಿ ವಸಡು ಮಾತ್ರ. ಅದು ದವಡೆಯನ್ನು ಅಡ್ಡಡ್ಡ ಸರಿಸಿ ಮೇವನ್ನು ಅರೆಯುತ್ತದೆ. ಬಾಗಿಲಿನ ನಾಯಿಯ ದವಡೆ ಕತ್ತರಿಯಂತೆ; ಮೇಲೆ ಕೆಳಗೆ ಆಡೀತು, ಅಡ್ಡ ಹೊರಳದು. ಗೆಂಡೆ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಕಪ್ಪೆ ಹುಳುವನ್ನು ನುಂಗುವಾಗ ಕಣ್ಣುಗುಡ್ಡೆಗಳನ್ನೇ ಒಳಕ್ಕೆಳೆದು ತುತ್ತನ್ನು ಕೆಳಗೆ ನೂಕುತ್ತದೆ. ಹಾವಿನ ಕೆಳದವಡೆಯ ಎರಡು ಪಾಲುಗಳು ಮುಂದೆ ಬೆಸೆದುಕೊಂಡಿಲ್ಲ. ಆದುದರಿಂದಲೇ ತನ್ನ ತಲೆಗಿಂತ ದಪ್ಪನೆಯ ಇಲಿ ಅದಕ್ಕೆ ಒಂದೇ ತುತ್ತು. ಕೋಳಿಯಂತೂ ಹಲ್ಲಿನ ಗೋಜೇ ಬೇಡವೆಂದು ಸಣ್ಣ ಹರಳುಗಳನ್ನು ನುಂಗಿ ಹೊಟ್ಟೆಯೊಳಗೆ ಕಾಳು ಬೀಸಿಕೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ಓದಿದಾಗ ನನಗೆ ನಗು ಬಂದಿತು. ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಎರಡು ಎಲುಬುಗಳು ನಮ್ಮಂಥ ಹಾಲುಣ್ಣುವ ಪ್ರಾಣಿಗಳಲ್ಲಿ ಕಿವಿಯೊಳಗೆ ಸೇರಿ ಕೇಳುವ ಚಾಕರಿ ಹಿಡಿದಿವೆ. ಜರ್ಮನಿಯ ರೈಕರ್ಟ್ ಎಂಬ ವಿದ್ವಾಂಸ ಭ್ರೂಣಗಳನ್ನು ಪರೀಕ್ಷಿಸಿ 1837ರಲ್ಲಿಯೇ ಈ ನಂಟನ್ನು ಹೇಳಿದ. ರೊಟ್ಟಿ ಮುರಿಯುವ ಕಟಕಟ ಸದ್ದನ್ನು ನಾವು ಕೇಳುವುದು ಹಳೆಯ ದವಡೆಯ ಎಲುಬಿನಿಂದ ಎಂದಾಯಿತು.

ಮನುಷ್ಯನ ಸಮೀಪದ ನಂಟರನ್ನು ಬಿಡುವಂತಿಲ್ಲ. ಹೊಲಕ್ಕೆ ನುಗ್ಗಿದ ಕೋತಿ ಅವಸರವಾಗಿ ಕೆನ್ನೆಯ ಚೀಲದೊಳಗೆ ಕಾಳು ತುಂಬಿಕೊಂಡು, ಮರದ ಮೇಲೆ ಹೋಗಿ ನಿಧಾನವಾಗಿ ಅಗಿಯುತ್ತದೆ. ಕರಿ ಮೋರೆಯ ಮುಸುವನಿಗೆ ಆ ಚೀಲವಿಲ್ಲ. ಎಲೆ ಕತ್ತರಿಸಲು ಚೂಪು ಏಣಿನ ದವಡೆಹಲ್ಲು, ಎಲೆಯನ್ನು ಹುಳಿಬರಿಸಲು ಕೋಣೆ ಕೋಣೆಯಾದ ಹೊಟ್ಟೆ. ಚಿಂಪಾಂಜಿಯ ಹಗಲಿನಲ್ಲಿ ಸುಮಾರು ಆರು ತಾಸು ಅಗಿಯುವುದರಲ್ಲೇ ಕಳೆಯುತ್ತದೆಂದೂ, ಮನುಷ್ಯನಿಗೆ ಒಂದು ತಾಸಿನ ಆಸುಪಾಸು ಸಾಕೆಂದೂ ರಿಚರ್ಡ್ ರ್‍ಯಾಂಗಮ್ 2009ರಲ್ಲಿ ಪುಸ್ತಕವನ್ನೇ ಬರೆದು, ಆ ಉಳಿತಾಯದ ಪುಣ್ಯವನ್ನು ಒಲೆಗೆ ಕಟ್ಟಿದರು. 2016ರಲ್ಲಿ ಹಾರ್ವರ್ಡಿನ ಇಬ್ಬರು ವಿದ್ವಾಂಸರು ಜನರಿಗೆ ಹಸಿ ಆಡಿನ ಮಾಂಸವನ್ನು ಅಗಿಯಲು ಕೊಟ್ಟು ನೋಡಿದರು. ಎಷ್ಟು ಅಗಿದರೂ ಅದು ಚೂರಾಗಲೊಲ್ಲದು! ಹೆಚ್ಚಿ ಕೊಟ್ಟರೆ ಕೆಲಸ ಹಗುರಾಯಿತು. ಆಹಾರದ ಮೂರನೆಯ ಒಂದು ಪಾಲು ಮಾಂಸವಿದ್ದು, ಅದನ್ನು ಹೆಚ್ಚಿ, ಗೆಡ್ಡೆಯನ್ನು ಜಜ್ಜಿ ತಿಂದರೆ, ಅಗಿಯುವ ಸರದಿ ನೂರಕ್ಕೆ 17ರಷ್ಟು, ಬಲ 26ರಷ್ಟು ಕಡಿಮೆಯಾದೀತೆಂದು ಅವರ ಲೆಕ್ಕ. ನಮ್ಮ ದವಡೆ ಸಣ್ಣದಾದದ್ದು ಹೀಗೆ.

ಪಂಡಿತರ ಲೆಕ್ಕ ಸರಿ. ಆದರೆ ದವಡೆಯಿಂದ ಕಳೆದ ಆ ದುಡಿಮೆ ಎಲ್ಲಿಗೆ ಹೋಯಿತು? ಅದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅದು ನಮ್ಮವ್ವನ ರಟ್ಟೆಗೆ ಬಂದಿತ್ತು.

ಬೀಸುವ ಕಲ್ಲೆಂದರೆ ಬಾಯಿಯ ಹೊರಗಿಟ್ಟ ದವಡೆ. ನಮ್ಮ ಬಾಯಲ್ಲಿ ಮೇಲಿನದು ನಿಂತು ಕೆಳಗಿನದು ಆಡುತ್ತದೆ, ಕಲ್ಲಿನಲ್ಲಿ ಕೆಳಗಿನದು ನಿಂತು ಮೇಲಿನದು ತಿರುಗುತ್ತದೆ, ಅಷ್ಟೇ ಭೇದ. ಸವೆದಾಗ ಉಳಿಯಿಂದ ಕಟೆದು ಒರಟು ಮಾಡಿಸಬೇಕು. ಕಲ್ಲಿಗೆ ಹೀಗೆ ಎಷ್ಟು ಸಲವಾದರೂ ಹೊಸ ಹಲ್ಲು ಬರುತ್ತದೆ, ಮನುಷ್ಯನಿಗೆ ಎರಡೇ ಸಲ. ಸವೆದ ಕಲ್ಲಿನ ಪುಡಿ ಹಿಟ್ಟಿನಲ್ಲಿ ಬೆರೆತು ಉಣ್ಣುವವರ ಹಲ್ಲನ್ನೂ ಸವೆಸುತ್ತದೆ. ನಸುಕಿನಲ್ಲೆದ್ದು ನಮ್ಮವ್ವ ಎಂಟು ಬಾಯಿಗಳ ಜೋಳವನ್ನು ಬೀಸುತ್ತಿದ್ದಳು, ಹಾಡುತ್ತಿದ್ದಳು. ಅಗಿಯುವ ಕೆಲಸ ಕೈಗೆ ಬಂದು ಬಾಯಿಗೆ ಬಿಡುವಾದದ್ದರಿಂದಲೇ ಹಾಡು ಹುಟ್ಟಿತೋ ಏನೋ ಎಂದು ನನಗೆ ಅನ್ನಿಸುವುದುಂಟು. ಆದರೆ ಹಾಡು ನಿಂತ ಮೇಲೆ ಅವಳು ಎಡಗೈಯಿಂದ ಬಲಭುಜವನ್ನು ಒತ್ತಿಕೊಳ್ಳುತ್ತಿದ್ದುದೂ ನೆನಪಿದೆ. ಹಿಟ್ಟಿನ ಗಿರಣಿ ಬಂದಿತು. ಭುಜದ ನೋವು ಹೋಗಲಿಲ್ಲ.

ಮುಪ್ಪಿನಲ್ಲಿ ಅವಳ ಹಲ್ಲುಗಳೆಲ್ಲ ಬಿದ್ದವು. ಗಂಜಿ ಮಾಡಿಕೊಟ್ಟರೆ ಬಟ್ಟಲನ್ನು ಸರಿಸುತ್ತಿದ್ದಳು. "ಗಂಜಿ ಕುಡದ್ರ ಉಂಡಂಗ ಆಗ್ತದೇನು? ರೊಟ್ಟಿ ಕೊಡ್ರಿ" ಎನ್ನುವಳು. ಎಲೆಯಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ರೊಟ್ಟಿಯನ್ನು ಕುಟ್ಟಿ, ತೊಗರಿಬೇಳೆಯ ಕಟ್ಟಿನಲ್ಲಿ ಕಲಸಿ ಕೊಡುವುದು ರೂಢಿಯಾಯಿತು. ಯಾರ ಕೈಗೆ ಬಿಡುವೋ ಅವರು ಕುಟ್ಟುವರು. ನಾನೂ ಕುಟ್ಟಿದ್ದೇನೆ. ಎಂಟು ಬಾಯಿಗೆ ಬೀಸಿದವಳ ಒಂದು ಬಾಯಿಗೆ ಅಷ್ಟು ಜನ ಸೇರಿ ಅಗಿದುಕೊಟ್ಟೆವು.

ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸಿಕ್ಕ ಒಂದು ತಲೆಬುರುಡೆಯ ಸುದ್ದಿ 2005ರಲ್ಲಿ ಪ್ರಕಟವಾಯಿತು. ಹದಿನೇಳು ಲಕ್ಷ ವರ್ಷಗಳಿಗೂ ಹಳೆಯದು. ಉಳಿದದ್ದು ಒಂದೇ ಹಲ್ಲು. ಮಿಕ್ಕ ಹಲ್ಲುಗಳ ಕುಳಿಗಳು ಎಲುಬು ತುಂಬಿ ಮುಚ್ಚಿಹೋಗಿವೆ. ಎಂದರೆ ಹಲ್ಲು ಬಿದ್ದ ಮೇಲೆಯೂ ಆ ಜೀವ ಕೆಲವು ವರ್ಷ ಬದುಕಿತ್ತು. ಯಾರಾದರೂ ಜಜ್ಜಿ ಕೊಟ್ಟರೇ, ತಾನೇ ಮೆತ್ತನೆಯದನ್ನು ಹುಡುಕಿ ತಿಂದಿತೇ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಕುಟ್ಟಾಣಿ ಹಿಡಿದ ನನ್ನ ಮನಸ್ಸು ಯಾವ ಪಕ್ಷಕ್ಕೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ಬೆನ್ನೆಲುಬಿನ ಪ್ರಾಣಿಗಳಿಗೆ ದವಡೆ ಬಂದು ನಲವತ್ತು ಕೋಟಿ ವರ್ಷ ದಾಟಿತು. ಆ ಕುಲದ ಬಹುಪಾಲಿಗೆ ತನ್ನ ತುತ್ತನ್ನು ತಾನೇ ಅಗಿಯುವುದು, ಇಲ್ಲವೇ ಇಡಿಯಾಗಿ ನುಂಗುವುದು, ಇದೇ ನಿಯಮ. ಹಲ್ಲು ಸವೆದ ಮುದಿ ಎತ್ತಿಗೆ ಇನ್ನೊಂದು ಎತ್ತು ಮೇವು ಅರೆದುಕೊಡದು. ಮನುಷ್ಯನ ದವಡೆ ಸಣ್ಣದಾದದ್ದನ್ನು ಪಂಡಿತರು ಅಳೆದಿದ್ದಾರೆ. ಅದನ್ನು ಸಣ್ಣದಾಗಲು ಬಿಟ್ಟ ಕೈಗಳನ್ನು ಅಳೆಯುವುದು ಕಷ್ಟ. ಅವುಗಳ ಸವೆತ ಎಲುಬಿನಲ್ಲಿ ಉಳಿದರೂ, ಯಾರಿಗಾಗಿ ಸವೆದವೆಂಬುದು ಉಂಡವರ ನೆನಪಿನಲ್ಲಿ ಮಾತ್ರ ಉಳಿದೀತು.