ಏರಿಯ ಮೇಲಿನ ಓಟ

ಚಾಮರಾಜಪೇಟೆಯಲ್ಲಿ ಓಡುವುದು ಅಷ್ಟು ಸುಲಭವಲ್ಲ. 1892ರಲ್ಲಿ ಹುಟ್ಟಿದ ಬಡಾವಣೆ, ನೇರವಾದ ರಸ್ತೆಗಳೇನೋ ಇವೆ. ಆದರೆ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕದಲ್ಲಿ ನಿಲ್ಲಿಸಿದ ಸ್ಕೂಟರ್, ಸ್ಕೂಟರಿನ ನೆರಳಿನಲ್ಲಿ ಮಲಗಿದ ನಾಯಿ. ಏಳನೇ ತರಗತಿಯಲ್ಲಿರುವ ನನ್ನ ಮಗಳು ಶಾಲೆಯ ಓಟದ ತಂಡಕ್ಕೆ ಸೇರಿದಾಗ ಅವಳ ಪಿ.ಟಿ. ಮೇಷ್ಟ್ರು, 'ಕಾಂಕ್ರೀಟಿನ ಮೇಲೆ ಬೇಡಮ್ಮ, ಆದಷ್ಟೂ ಮಣ್ಣಿನ ಮೇಲೆ ಓಡಿಸಿ' ಎಂದರು. ಹಳೇ ಬೆಂಗಳೂರಿನಲ್ಲಿ ಮಣ್ಣು ಎಲ್ಲಿದೆ ಎಂದು ಹುಡುಕಿದರೆ ಕಾಲು ಹೋಗಿ ನಿಲ್ಲುವುದು ಕೆರೆಗಳ ಹತ್ತಿರವೇ. ಹಾಗಾಗಿ ಭಾನುವಾರದ ಬೆಳಗುಗಳನ್ನು ನಾವಿಬ್ಬರೂ ಕೆರೆ ಸುತ್ತುವುದಕ್ಕೆ ಇಟ್ಟುಕೊಂಡಿದ್ದೇವೆ. ಅವಳು ಓಡುತ್ತಾಳೆ. ನಾನು ಓಟಕ್ಕೂ ನಡಿಗೆಗೂ ನಡುವಿನ ಯಾವುದೋ ಒಂದು ವೇಗದಲ್ಲಿ ಹಿಂದೆ ಬರುತ್ತೇನೆ.

ಮೊದಲು ಹೋದದ್ದು ಮಲ್ಲೇಶ್ವರದ ಸ್ಯಾಂಕಿ ಕೆರೆಗೆ. ಅವಳ ದೊಡ್ಡಮ್ಮನ ಮನೆ ಅಲ್ಲಿ ಹತ್ತಿರ. ಓಟ ಮುಗಿಸಿದರೆ ವೀಣಾ ಸ್ಟೋರ್ಸಿನ ಇಡ್ಲಿಯ ಆಸೆ ಬೇರೆ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಸುಮಾರು 37 ಎಕರೆಯ ಕೆರೆ ಇದು. ಹತ್ತಿರದಲ್ಲಿ ಸರ್ಕಾರದ ಗಂಧದ ಕೋಠಿ ಇದ್ದುದರಿಂದ ಹಳಬರು ಗಂಧದಕೋಠಿ ಕೆರೆ ಎಂದೂ ಕರೆಯುತ್ತಿದ್ದರು. ಸುತ್ತಲೂ ಅಚ್ಚುಕಟ್ಟಾದ ದಾರಿ, ಮರದ ನೆರಳು, ಕೂರಲು ಬೆಂಚು. ಹೊಸದಾಗಿ ಓಟ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಿನ ನಡುವೆ ಸಿಗಲಾರದು. ಆದರೆ ಎರಡು ಮೂರು ವಾರ ಆದ ಮೇಲೆ ಮಗಳು ಒಂದು ಮಾತು ಕೇಳಿದಳು: 'ಅಮ್ಮಾ, ಇಲ್ಲಿ ಹಕ್ಕಿಗಳೆಲ್ಲ ಯಾಕೆ ಅಷ್ಟು ದೂರ, ನಡುಮಧ್ಯದಲ್ಲೇ ಇರುತ್ತವೆ?'

ಅದಕ್ಕೆ ಉತ್ತರ ಸಿಕ್ಕಿದ್ದು ಲಾಲ್‌ಬಾಗಿನಲ್ಲಿ.

ಲಾಲ್‌ಬಾಗ್ ಎಂದರೆ ನಮಗೆಲ್ಲ ಗಾಜಿನ ಮನೆ ಮತ್ತು ಹೂವಿನ ಪ್ರದರ್ಶನ. ಓಡುವವರಿಗೆ ಅದು 240 ಎಕರೆಯ ನೆರಳು. 1760ರ ಹೊತ್ತಿಗೆ ಹೈದರಾಲಿ ಆರಂಭಿಸಿದ ತೋಟ ಇದು. ನಮ್ಮ ದಾರಿ ಪಶ್ಚಿಮದ ಗೇಟಿನಿಂದ ಶುರು. ಮರಗಳ ನಡುವಿನ ಮಣ್ಣಿನ ದಾರಿ ಹಿಡಿದು ಕೆರೆಯ ಏರಿಗೆ ಬಂದರೆ ಬೇಸಿಗೆಯಲ್ಲೂ ಮುಖಕ್ಕೆ ತಣ್ಣನೆಯ ಗಾಳಿ. ಏರಿಯ ಮೇಲೆ ಒಮ್ಮೆಗೆ ಓಡಬೇಡಿ, ಸ್ವಲ್ಪ ನಿಧಾನ ಮಾಡಿ. ನೀರಿನ ನಡುವಿನ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸುತ್ತ ಕೂತಿರುತ್ತವೆ. ಬೆಳ್ಳಕ್ಕಿ ಇರುತ್ತದೆ. ಅದೃಷ್ಟವಿದ್ದರೆ ಹೆಜ್ಜಾರ್ಲೆ ತನ್ನ ಜೋಳಿಗೆಯಂಥ ಕೊಕ್ಕು ಹೊತ್ತು ದೋಣಿಯ ಹಾಗೆ ತೇಲಿ ಬರುತ್ತದೆ. ದಡದ ಹುಲ್ಲಿನೊಳಗೆ ನೀರುಕೋಳಿ ತಲೆ ಅಲ್ಲಾಡಿಸುತ್ತ ಓಡಾಡುತ್ತದೆ.

ಮಗಳು ಅಲ್ಲಿ ಒಂದು ವಿಚಿತ್ರ ಕಂಡುಹಿಡಿದಳು. ಒಂದೇ ವೇಗದಲ್ಲಿ ಓಡುತ್ತಾ ಹೋದರೆ ದಡದಲ್ಲಿರುವ ಹಕ್ಕಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ತಟ್ಟನೆ ನಿಂತು, 'ಅಲ್ನೋಡಮ್ಮಾ' ಎಂದು ಬೆರಳು ತೋರಿಸಿದ ತಕ್ಷಣ ಹಾರಿಬಿಡುತ್ತವೆ. ನೀವೂ ನೋಡಿ ಪರೀಕ್ಷಿಸಬಹುದು.

ಸ್ಯಾಂಕಿಯ ಪ್ರಶ್ನೆಗೆ ಉತ್ತರ ಇಷ್ಟೆ. ಕೆರೆ ಎಂದರೆ ಬರೀ ನೀರಲ್ಲವಲ್ಲ. ನೀರು ಮುಗಿದು ನೆಲ ಶುರುವಾಗುವ ಕಡೆ ಒಂದು ಕೆಸರಿನ ಪಟ್ಟಿ ಇರುತ್ತದೆ. ಜೊಂಡು, ಹುಲ್ಲು, ಕಪ್ಪೆ, ಏಡಿ, ಹುಳ ಎಲ್ಲ ಅಲ್ಲೇ. ನೀರುಕೋಳಿ ಗೂಡು ಕಟ್ಟುವುದು ಅಲ್ಲಿ, ಮೀನಿನ ಮರಿಗಳು ಅಡಗುವುದು ಅಲ್ಲಿ, ಹರಿದು ಬರುವ ಮಣ್ಣನ್ನೂ ಕೊಳೆಯನ್ನೂ ಒಂದಿಷ್ಟು ತಡೆದು ನಿಲ್ಲಿಸುವುದೂ ಆ ಪಟ್ಟಿಯೇ. ನಾವು ಓಡುವವರು ನೀರಿಗೆ ಹತ್ತಿರ ಇರಬೇಕೆಂದು ದಾರಿಯನ್ನು ಅಂಚಿಗೇ ತಳ್ಳಿ ಕಲ್ಲು ಕಟ್ಟಿದರೆ ಆ ಪಟ್ಟಿ ಹೋಗುತ್ತದೆ. ಆಮೇಲೆ ಹಕ್ಕಿಗೆ ಉಳಿಯುವುದು ನಡುನೀರು ಮಾತ್ರ.

ಲಾಲ್‌ಬಾಗಿಗೆ ಹೋದಮೇಲೆ ಬಂಡೆ ಹತ್ತದೆ ಬರಬೇಡಿ. ಪೆನಿನ್ಸುಲರ್ ನೈಸ್ ಎಂಬ ಆ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆ ಬಂದ ಮರುದಿನ ಜಾರುತ್ತದೆ, ಮಕ್ಕಳ ಕೈ ಹಿಡಿದಿರಲಿ. ತುದಿಯಲ್ಲಿ ಕೆಂಪೇಗೌಡರ ಗೋಪುರ. ಅಂಥ ನಾಲ್ಕು ಗೋಪುರಗಳಲ್ಲಿ ಎರಡು ನಮ್ಮ ಓಟದ ದಾರಿಯಲ್ಲೇ ಸಿಗುತ್ತವೆ ಎಂಬುದು ಮಗಳಿಗೆ ದೊಡ್ಡ ಹೆಮ್ಮೆ.

ಎರಡನೆಯದನ್ನು ಕಾಣಲು ಲಾಲ್‌ಬಾಗಿನಿಂದ ಗಾಂಧಿ ಬಜಾರಿನ ಕಡೆಗೆ ಬರಬೇಕು. ಕಾರಿನಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ, ಓಡುವವರ ಮೀನಖಂಡಕ್ಕೆ ಚೆನ್ನಾಗಿ ತಿಳಿಯುತ್ತದೆ: ಇದು ಏರು. ಬಸವನಗುಡಿ ಒಂದು ದಿಣ್ಣೆ. ದಿಣ್ಣೆಯ ಈಚೆ, ಲಾಲ್‌ಬಾಗಿನ ಕಡೆ ಬಿದ್ದ ಮಳೆ ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಆಚೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದರಿಂದಲೇ ಆ ನದಿಗೆ ವೃಷಭಾವತಿ ಎಂಬ ಹೆಸರು ಎನ್ನುತ್ತಾರೆ. ಮನೆಯಲ್ಲಿ ಭೂಪಟ ಹರಡಿ ಈ ಎರಡು ದಾರಿಗಳ ಮೇಲೆ ಬೆರಳಾಡಿಸಿ ನೋಡಿ, ಮಕ್ಕಳಿಗೆ ಒಂದು ಸಂಜೆಯ ಆಟ.

ಬ್ಯೂಗಲ್ ರಾಕ್ ಉದ್ಯಾನದಲ್ಲಿ ನಾವು ಓಡುವುದಿಲ್ಲ, ದಣಿವಾರಿಸಿಕೊಳ್ಳುತ್ತೇವೆ. ಮರಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳು ಬೆಳಗಿನ ಹೊತ್ತಿನಲ್ಲೂ ಜಗಳವಾಡುತ್ತಿರುತ್ತವೆ. ಡಿ.ವಿ.ಜಿ. ಅವರ ಪ್ರತಿಮೆಯ ಹತ್ತಿರ ನೀರು ಕುಡಿದು, ಗವೀಪುರದ ಇಳಿಜಾರು ಹಿಡಿದರೆ ಗವಿ ಗಂಗಾಧರೇಶ್ವರನ ಗುಡಿ, ಅದರಾಚೆ ಕೆಂಪಾಂಬುಧಿ.

ಅಂಬುಧಿ ಎಂದರೆ ಸಮುದ್ರ. ಸಮುದ್ರ ಕಾಣದ ಊರಿನಲ್ಲಿ ಕೆರೆಗೆ ಎಂಥ ಹೆಸರಿಟ್ಟಿದ್ದಾರೆ ನೋಡಿ! 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಮನೆದೇವತೆ ಕೆಂಪಮ್ಮನ ಹೆಸರಿನಲ್ಲಿ ತೋಡಿಸಿದರೆಂದು ಹೇಳುವ ಕೆರೆ ಇದು. ನಮ್ಮ ಮನೆಗೆ ಅತಿ ಹತ್ತಿರದ ಕೆರೆಯೂ ಇದೇ. ಆದರೂ ನಮ್ಮ ಬೀದಿಯವರೆಲ್ಲ ಲಾಲ್‌ಬಾಗಿಗೇ ಹೋಗುತ್ತಾರೆ. ಕಾರಣ ಮುಚ್ಚಿಡುವುದೇನಿಲ್ಲ: ಇಲ್ಲಿ ಕೆಲವು ದಿನ ವಾಸನೆ ಬರುತ್ತದೆ. ಕೊಳಚೆ ನೀರು ಸೇರಿ ಕೆಟ್ಟು, ಹೂಳು ತೆಗೆಸಿ, ಮತ್ತೆ ಕೆಟ್ಟ ಕೆರೆ ಇದು. ದಾರಿ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ಮಣ್ಣು, ಮಳೆ ಬಂದರೆ ರಾಡಿ. ನನಗೆ ಮಾತ್ರ ಮೂರರಲ್ಲಿ ಇದೇ ಹೆಚ್ಚು ಇಷ್ಟ. ಗೋಪುರದ ಹತ್ತಿರ ನಿಂತರೆ ಇಡೀ ನೀರು ಕಾಣುತ್ತದೆ. ದಡ ಇನ್ನೂ ಒರಟಾಗಿರುವ ಕಡೆ ಮಿಂಚುಳ್ಳಿ ನೀಲಿಯಾಗಿ ಹೊಳೆದು ಮಾಯವಾಗುತ್ತದೆ. ಜೊಂಡಿನ ಪಕ್ಕ ಕೊಳಬಕ ಧ್ಯಾನಕ್ಕೆ ನಿಂತಿರುತ್ತದೆ.

ಅಲ್ಲಿ ದಿನಾ ನಡೆಯಲು ಬರುವ ತಾತ ಒಬ್ಬರು ನಮಗೆ ಪರಿಚಯ. ಒಂದು ದಿನ ಅವರು ಅರ್ಜಿಯೊಂದನ್ನು ಹಿಡಿದು ಸಹಿ ಕೇಳುತ್ತಿದ್ದರು. ಕೆರೆಯ ಸುತ್ತ ಪೂರ್ತಿ ಟೈಲ್ಸ್ ಹಾಕಿಸಬೇಕು, ಅಂಚಿಗೆ ಕಲ್ಲು ಕಟ್ಟಿಸಬೇಕು ಎಂದು ಅರ್ಜಿ. 'ನಮ್ಮನೆಯವರು ಹೋದ ಮಳೆಗಾಲದಲ್ಲಿ ಜಾರಿ ಬಿದ್ದರಮ್ಮ. ಅಂದಿನಿಂದ ಬರೋದೇ ಬಿಟ್ಟಿದ್ದಾರೆ' ಎಂದರು. ನಾನು ಸಹಿ ಹಾಕುವವಳೇ ಇದ್ದೆ. ಮಗಳು ನನ್ನ ಕೈ ಹಿಡಿದಳು. 'ತಾತ, ಕಲ್ಲು ಕಟ್ಟಿದರೆ ನೀರುಕೋಳಿ ಗೂಡು ಎಲ್ಲಿ ಕಟ್ಟುತ್ತೆ?' ತಾತ ನಕ್ಕರು. 'ಅಜ್ಜಿ ಎಲ್ಲಿ ನಡೀಬೇಕು ಮಗು, ಅದನ್ನೂ ಹೇಳು' ಎಂದರು. ಅವಳಿಗೆ ಮಾತು ಬರಲಿಲ್ಲ. ನನಗೂ ಬರಲಿಲ್ಲ. ಇಬ್ಬರದೂ ನ್ಯಾಯವೇ.

ಅದಾದ ತಿಂಗಳಿಗೆ ಅವಳ ಕ್ರೀಡಾಕೂಟ ಕಂಠೀರವ ಸ್ಟೇಡಿಯಂನಲ್ಲಿ ನಡೆಯಿತು. 1500 ಮೀಟರ್ ಓಟ, ಟ್ರ್ಯಾಕಿನಲ್ಲಿ ಮೂರು ಮುಕ್ಕಾಲು ಸುತ್ತು. ಐದನೆಯವಳಾಗಿ ಬಂದು ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತಾಗ ನಾನು ಹೇಳಿದೆ, ಈ ಟ್ರ್ಯಾಕ್ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ ಎಂದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದಮೇಲೆ ಊರೊಳಗಿನ ಕೆರೆಗಳ ನೀರು ಕುಡಿಯುವುದಕ್ಕೆ ಬೇಕಾಗಲಿಲ್ಲ. ಬೇಡವಾದದ್ದು ಒಂದೊಂದಾಗಿ ಮೈದಾನವಾಯಿತು. ಕೆಂಪಾಂಬುಧಿಯ ಜೊತೆಯದೇ ಆದ ಧರ್ಮಾಂಬುಧಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ.

'ಅಂದರೆ ಇಲ್ಲಿ ದಾರಿ ಮಾತ್ರ ಉಳಿದಿದೆ, ಕೆರೆ ಇಲ್ಲ' ಎಂದಳು. ಹೊರಗೆ ಬಂದು, ಸಂಪಂಗಿ ಕೆರೆಯ ಗುರುತಾಗಿ ಉಳಿದಿರುವ ಚಿಕ್ಕ ಕೊಳವನ್ನು ತೋರಿಸಿದೆ. ಕರಗದ ವಿಧಿಗಳಿಗೆ ಬೇಕಾದ್ದರಿಂದ ಉಳಿದುಕೊಂಡದ್ದು ಅದು. ಅವಳು ಕಂಬಿ ಹಿಡಿದು ಸುಮಾರು ಹೊತ್ತು ನೋಡುತ್ತ ನಿಂತಳು.

ಮುಂದಿನ ಭಾನುವಾರ ನೋಟ್‌ಬುಕ್ಕಿನ ಹಾಳೆಯೊಂದನ್ನು ಮಡಚಿ ಕೆಂಪಾಂಬುಧಿಗೆ ತಂದಿದ್ದಳು. ಅದರಲ್ಲಿ ಕೆರೆಯ ಚಿತ್ರ. ಏರಿಯ ಕಡೆಗೆ ಜಾರದ ಅಗಲವಾದ ದಾರಿ, ಹಿಡಿದು ನಡೆಯಲು ಕಂಬಿ, ಎರಡು ಬೆಂಚು. ಅಜ್ಜಿಗೆ ಎಂದು ಬರೆದು ಬಾಣದ ಗುರುತು ಹಾಕಿದ್ದಳು. ಎದುರಿನ ದಡದಲ್ಲಿ ಜೊಂಡು, ಅದರಿಂದ ಹಿಂದೆ ಸರಿದು ಮಣ್ಣಿನ ಕಾಲುದಾರಿ. ತಾತ ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ನೋಡಿದರು. 'ಬೆಂಚು ಗೋಪುರದ ಹತ್ತಿರ ಹಾಕು, ಅಲ್ಲಿ ನೆರಳು ಚೆನ್ನಾಗಿದೆ' ಎಂದರು. ಅವಳು ಅಳಿಸಿ ಮತ್ತೆ ಬರೆದಳು.

ಹಳೇ ಅರ್ಜಿಯ ಹಿಂಬದಿಗೆ ಈಗ ಆ ಚಿತ್ರ ಅಂಟಿಕೊಂಡಿದೆ. ಹದಿನಾಲ್ಕು ಸಹಿ ಆಗಿದೆ, ಐವತ್ತಾದ ಮೇಲೆ ಕೊಡೋಣ ಎಂದಿದ್ದಾರೆ ತಾತ. ಆ ಕಡೆ ಬಂದರೆ ಬೆಳಿಗ್ಗೆ ಆರೂವರೆಗೆ ಅವರು ಏರಿಯ ಮೇಲೆ ಇರುತ್ತಾರೆ. ಪೆನ್ನು ಅವರ ಹತ್ತಿರವೇ ಇದೆ.