ಕೊನೆ ಗೊತ್ತಿದ್ದೇ ಕೂರುವವರು

ಗುಂಡ್ಲುಪೇಟೆ ಕಡೆಯ ಊರುಗಳಲ್ಲಿ ಕುರುಕ್ಷೇತ್ರ ನಾಟಕಕ್ಕೆ ಚಾಪೆ, ಕಂಬಳಿ ಹೊತ್ತು ಬರುವವರಿಗೆ ದುರ್ಯೋಧನನ ತೊಡೆ ಮುರಿಯುವುದು ಗೊತ್ತಿಲ್ಲವೇ? ಹಾರ್ಮೋನಿಯಂ ಮೇಷ್ಟ್ರು ಗಣಪತಿ ಪ್ರಾರ್ಥನೆ ಎತ್ತಿಕೊಳ್ಳುವಾಗಲೇ ಗೊತ್ತು. ಆದರೂ ಕೋಳಿ ಕೂಗುವವರೆಗೆ ಜಾಗ ಬಿಟ್ಟು ಏಳುವುದಿಲ್ಲ. ಸಿನಿಮಾದ ಕಥೆ ಬಾಯಿಬಿಟ್ಟರೆ ಸಿಡುಕುವ ಈಗಿನ ಹುಡುಗರನ್ನು ಕಂಡಾಗ ಈ ಕಂಬಳಿ ಪ್ರೇಕ್ಷಕರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ದುರಂತ ನಾಟಕ ಬಲ್ಲವರು ಕೊನೆಯನ್ನು ಬಚ್ಚಿಡುವ ಗೋಜಿಗೇ ಹೋಗಲಿಲ್ಲ. ಗ್ರೀಕರ ಯೂರಿಪಿಡೀಸ್ ‘ಹಿಪ್ಪೊಲಿಟಸ್’ನಲ್ಲಿ ದೇವತೆ ಆಫ್ರೊಡೈಟಿಯನ್ನೇ ಮೊದಲು ನಿಲ್ಲಿಸಿ, ಈ ಹುಡುಗ ಇವತ್ತೇ ಸಾಯುತ್ತಾನೆ ಎಂದು ಹೇಳಿಸಿಬಿಡುತ್ತಾನೆ. ಷೇಕ್ಸ್‌ಪಿಯರ್ ರೋಮಿಯೊ-ಜೂಲಿಯೆಟ್ ಸಾವನ್ನು ಮೊದಲ 14 ಸಾಲಲ್ಲೇ ಮುಗಿಸುತ್ತಾನೆ. ಅದೂ ಸಾನೆಟ್ಟಿನಲ್ಲಿ! ಪ್ರೇಮಕ್ಕೆ ಒಗ್ಗಿದ ಪದ್ಯದೊಳಗೆ ಎರಡು ಮನೆತನಗಳ ಹಗೆಯನ್ನು ತುರುಕಿದ ಮೇಲೆ ವಸ್ತು ಯಾವುದು, ರೂಪ ಯಾವುದು ಎಂದು ಬೇರೆ ವಿವರಿಸಬೇಕೇ?

ನಮ್ಮ ಸೂತ್ರಧಾರನೇನು ಕಡಿಮೆಯವನಲ್ಲ. ಭಾಸನ ‘ಊರುಭಂಗ’ದಲ್ಲಿ ಅವನು ಬಂದು ಹೋದ ಮೇಲೆ ಮೂವರು ಭಟರು ರಣರಂಗವನ್ನು ಬಣ್ಣಿಸುತ್ತಾರೆ, ಗದಾಯುದ್ಧವೂ ಅವರ ಬಾಯಲ್ಲೇ ಆಗಿಹೋಗುತ್ತದೆ. ಹೊಡೆದಾಟ ನೋಡಲು ಬಂದವನಿಗೆ ನಿರಾಸೆ. ನೋಡಬೇಕಾದದ್ದು ತೊಡೆ ಮುರಿದು ತೆವಳಿ ಬರುವ ದೊರೆಯನ್ನು.

ಗಿರೀಶ ಕಾರ್ನಾಡರ ‘ಹಯವದನ’ವಂತೂ ಈ ವಿಷಯದಲ್ಲಿ ಕಿಲಾಡಿ ನಾಟಕ. ಭಾಗವತರು ಗಣಪತಿಯನ್ನು ಸ್ತುತಿಸುತ್ತಾರೆ. ಶಾಸ್ತ್ರಕ್ಕೊಂದು ಪ್ರಾರ್ಥನೆ ಎಂದು ಎಲೆಅಡಿಕೆ ಹುಡುಕುತ್ತ ಕೂತವನು ಅಲ್ಲೇ ಮೋಸಹೋದ. ಆನೆಯ ತಲೆ, ಮನುಷ್ಯನ ಮೈ, ಮುರಿದ ದಂತ: ಇವನು ಪೂರ್ಣನೋ ಅಪೂರ್ಣನೋ? ಮುಂದೆ ದೇವದತ್ತ-ಕಪಿಲರ ತಲೆ ಅದಲುಬದಲಾಗಿ, ಇಬ್ಬರೂ ಕಾದಾಡಿ ಸತ್ತು, ಪದ್ಮಿನಿ ಬೆಂಕಿ ಸೇರುವವರೆಗೆ ನಾಟಕ ಕೇಳುವ ಪ್ರಶ್ನೆ ಇದೊಂದೇ. ನನ್ನ ಮಟ್ಟಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪ್ರಸ್ತಾವನೆ ಇಲ್ಲ.

ಇಷ್ಟು ದೂರ ಸುತ್ತಿದ್ದು ಒಬ್ಬ ಮನೆಯವನ ಸುದ್ದಿಗೆ. ಯಳಂದೂರಿನ ಪಕ್ಕದ ಅಗರದಲ್ಲಿ 1898ರಲ್ಲಿ ಹುಟ್ಟಿದ ಸಂಸ. 23 ನಾಟಕ ಬರೆದರಂತೆ, ಉಳಿದದ್ದು ಬರೀ 6. ಊರೂರು ಅಲೆದು, ಪೊಲೀಸರು ಬೆನ್ನುಬಿದ್ದಿದ್ದಾರೆಂಬ ಭೀತಿಯಲ್ಲಿ ಬೆಂದು, 1939ರಲ್ಲಿ ತಾವಾಗಿಯೇ ಪ್ರಾಣ ಬಿಟ್ಟರು. ಅವರ ‘ವಿಗಡ ವಿಕ್ರಮರಾಯ’ ಮೈಸೂರಿನ ದಳವಾಯಿಯೊಬ್ಬನ ದುರಂತ. ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದವನು ಅವನೇ ಎನ್ನುತ್ತದೆ ಇತಿಹಾಸ. ಅದು 1638ರ ಮಾತು. ಆಮೇಲೆ ಪಟ್ಟಕ್ಕೆ ಬಂದು ಅವನ ಲೆಕ್ಕ ಚುಕ್ತಾ ಮಾಡಿಸಿದ ರಣಧೀರ ಕಂಠೀರವ ಎಲ್ಲಿಂದ ಹೊರಟವನು? ಇದೇ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಿಂದ! ತಿರುಚನಾಪಳ್ಳಿಯ ಜಟ್ಟಿಯನ್ನು ಮಣಿಸಿದ ಆಸಾಮಿಯೂ ಇವನೇ. ಸಂಸರ ಇನ್ನೊಂದು ನಾಟಕ ‘ಬಿರುದಂತೆಂಬರ ಗಂಡ’ ಆ ಕಥೆ.

ಅಂದರೆ ದಳವಾಯಿಯ ಸಾವು ಮೈಸೂರಿನವರಿಗಿಂತ ಮೊದಲು ತೆರಕಣಾಂಬಿಯವರಿಗೆ ಗೊತ್ತಿರಬೇಕಾದ ಸಂಗತಿ. ಸಂಸರ ಹಳೆಯ ಹದದ ಕನ್ನಡ ಜನಕ್ಕೆ ಹತ್ತುವುದಿಲ್ಲ ಎಂದು ನೆಪ ಹೇಳುವವರುಂಟು. ಮೊದಲು ಸೂತ್ರಧಾರನೊಬ್ಬ ಬಂದು ನಮ್ಮೂರ ಮಾತಲ್ಲೇ ಕಥೆ ಪೂರಾ ಹೇಳಿಬಿಡಲಿ, ಆಗ ಹತ್ತುತ್ತದೆ. ಚಾಮರಾಜನಗರದ ರಂಗದ ಗೆಳೆಯರೇ, ‘ವಿಗಡ ವಿಕ್ರಮರಾಯ’ವನ್ನು ಒಮ್ಮೆ ತೆರಕಣಾಂಬಿಯಲ್ಲಿ ಆಡಿ. ಕಂಬಳಿ ತರುವ ಹೊಣೆ ನಮ್ಮದು.