ಬಿಳಿಗಿರಿಯ ಕುಮರಿ ಹೊಲಗಳೂ ಆಗಸದ ಕಣ್ಣೂ

ಮೈಸೂರಿನ ಗೋಕುಲಂ ಬಡಾವಣೆಯಿಂದ ಹೊರಟು ನಂಜನಗೂಡು, ಚಾಮರಾಜನಗರಗಳನ್ನು ದಾಟಿ, ಕ್ಯಾತದೇವರಾಯನ ಗುಡಿಯ ಕಾಡುಹಾದಿಯನ್ನು ಏರಿದರೆ ಬಿಳಿಗಿರಿರಂಗನ ಬೆಟ್ಟವು ದೊರೆಯುತ್ತದೆ. ನಾವು ಈ ಪ್ರವಾಸವನ್ನು ಕೈಗೊಂಡುದು ಸೋಲಿಗರ ಪೋಡುಗಳನ್ನು ಕಾಣಬೇಕೆಂಬ ಹಂಬಲದಿಂದ. ಮಲೆಯ ಮಾದಪ್ಪನ ಕಥನದಲ್ಲಿ ಸೋಲಿಗರಿಗಿರುವ ಸ್ಥಾನವನ್ನು ನಮ್ಮ ವಾಚಕ ಬಂಧುಗಳು ಬಲ್ಲರು.

ಸೋಲಿಗರು ಹಿಂದೆ ಕುಮರಿ ಬೇಸಾಯ ಮಾಡುತ್ತಿದ್ದರು. ಬೇಸಗೆಯಲ್ಲಿ ಕಾಡಿನ ಒಂದು ಚಿಕ್ಕ ತುಂಡನ್ನು ಸವರಿ, ಒಣಗಿಸಿ, ಸುಟ್ಟು, ಬೂದಿಯೇ ಗೊಬ್ಬರವಾದ ನೆಲದಲ್ಲಿ ಮಳೆಯೊಡನೆ ರಾಗಿ ಮುಂತಾದುವನ್ನು ಬಿತ್ತುವರು. ಕೆಲವು ವರ್ಷಗಳಲ್ಲಿ ಬೇರೆಡೆಗೆ ಸರಿದು, ಹಳೆಯ ನೆಲವನ್ನು ಕಾಡಿಗೇ ಒಪ್ಪಿಸುವರು. 1974ರಲ್ಲಿ ಇಲ್ಲಿ ವನ್ಯಜೀವಿಧಾಮವಾದ ಬಳಿಕ ಈ ಪದ್ಧತಿ ನಿಂತುಹೋಯಿತು.

ಇಂತಹ ಬೇಸಾಯದ ಏರಿಳಿತವನ್ನು ಈಗ ಉಪಗ್ರಹಗಳು ಅಳೆಯುತ್ತವೆ. ಹಸುರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ಸುಟ್ಟ ನೆಲವು ಹಾಗೆ ಮಾಡದು. ಈ ಅಂತರವೇ ಗುರುತು. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್, 1988ರಲ್ಲಿ ನಮ್ಮ ಐಆರ್‌ಎಸ್-1ಎ ಆಗಸಕ್ಕೇರಿದವು. ಆ ಮೊದಲ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಚುಕ್ಕೆಯೂ ಸುಮಾರು 80 ಮೀಟರ್ ಚೌಕ, ಎಂದರೆ ಒಂದೂವರೆ ಎಕರೆಗೂ ಹೆಚ್ಚು. ಎಕರೆಯೊಂದರ ಹೊಲವು ಅದರೊಳಗೇ ಕರಗಿಹೋಗುವುದು. 1982ರಿಂದ 30 ಮೀಟರಿನ ಚುಕ್ಕೆ ಬಂದಿತು. ಅದು ಹೆಚ್ಚುಕಡಿಮೆ ಒಂಬತ್ತು ಗುಂಟೆ. ಆದರೆ ಆ ಕಣ್ಣು ಚುರುಕಾಗುವ ಮೊದಲೇ ಬಿಳಿಗಿರಿಯ ಕುಮರಿ ಮುಗಿದಿತ್ತು.

ನಾಗಾಲ್ಯಾಂಡ್, ಮಿಜೋರಾಮ್‌ಗಳಲ್ಲಿ ಇದೇ ಬೇಸಾಯವು ಝೂಮ್ ಎಂಬ ಹೆಸರಿನಿಂದ ಇನ್ನೂ ಉಳಿದಿದೆ. ಅಲ್ಲಿಯ ಒಂದು ವರ್ಷದ ಚಿತ್ರವನ್ನು ಮಾತ್ರ ನೋಡಿದವರು ಕಾಡು ನಾಶವಾಯಿತೆಂದು ತೀರ್ಮಾನಿಸಿಯಾರು. ಹತ್ತು ಹದಿನೈದು ವರ್ಷಗಳ ಚಿತ್ರಗಳನ್ನು ಸಾಲಾಗಿ ಇರಿಸಿದಾಗಲೇ ಪಾಳು ಬಿಟ್ಟ ನೆಲದಲ್ಲಿ ಹಸುರು ಮರಳುವುದು ತಿಳಿಯುತ್ತದೆ. ಪಾಳಿನ ಅವಧಿ ಕುಗ್ಗಿ, ಕಾಡಿಗೆ ಚೇತರಿಸಿಕೊಳ್ಳಲು ಬಿಡುವಿಲ್ಲದಂತಾದರೆ ಅದನ್ನೂ ಆ ಸಾಲೇ ಹೇಳುತ್ತದೆ.

ಆಗಸದ ಕಣ್ಣಿಗೂ ಒಂದು ಮಿತಿಯಿದೆ. ಬಿಳಿಗಿರಿಯಲ್ಲಿ ಲಂಟಾನದ ಪೊದೆಗಳು ಮರಗಳ ಅಡಿಯನ್ನೆಲ್ಲ ಆವರಿಸಿವೆ. ಹಿಂದೆ ವರ್ಷವರ್ಷವೂ ಇಡುತ್ತಿದ್ದ ತರಗು ಬೆಂಕಿ ನಿಂತುದರಿಂದಲೇ ಹೀಗಾಯಿತೆಂಬುದು ಸೋಲಿಗರ ಮಾತು. ಮೇಲಿನಿಂದ ನೋಡಿದರೆ ಲಂಟಾನವೂ ಹಸುರೇ, ನೆಲ್ಲಿಯೂ ಹಸುರೇ. ಭೇದವನ್ನು ಬಲ್ಲವರು ಕಾಡಿನೊಳಗೆ ನಡೆದಾಡುವವರು.

2011ರಲ್ಲಿ ಈ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಇಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ದೊರೆಯಿತು. ಕಾಡಿನ ಲೆಕ್ಕವನ್ನು ಬರೆಯುವಾಗ ಉಪಗ್ರಹದ ಚಿತ್ರದ ಬದಿಯಲ್ಲಿ ಪೋಡಿನ ಹಿರಿಯರ ಮಾತಿಗೂ ಎಡೆಯಿರಬೇಕು. ಬಿಳಿಗಿರಿಗೆ ಹೋಗುವ ಬಂಧುಗಳು ದೇವರ ದರ್ಶನದ ಬಳಿಕ ಅವರ ಮಾತನ್ನೂ ಒಂದಿಷ್ಟು ಕೇಳಿ ಬರಲಿ.